ಹೊಸ ಲಿವರ್‌ಗೆ ಹಳೆಯ ವೈರಸ್ ಮರಳಿ ಬರುವುದೇ?

ಪ್ರಶ್ನೆ: ನಮ್ಮ ಭಾವನವರಿಗೆ ಹೆಪಟೈಟಿಸ್ ಸಿ ಕಾಯಿಲೆಯಿಂದ ಲಿವರ್ ಪೂರ್ತಿ ಹಾಳಾಗಿ, ಕಳೆದ ವರ್ಷ ಬೆಂಗಳೂರಿನಲ್ಲಿ ಲಿವರ್ ಕಸಿ ಆಯಿತು. ಅಕ್ಕನೇ ತನ್ನ ಲಿವರ್‌ನ ಭಾಗ ಕೊಟ್ಟಳು. ಕಸಿಗೆ ಮುಂಚೆ ವೈರಸ್ಸಿಗೆಂದು ಕೆಲವು ತಿಂಗಳು ಮಾತ್ರೆಯನ್ನೂ ಕೊಟ್ಟಿದ್ದರು. ಮೊನ್ನೆ ಹಲ್ಲು ಕೀಳಿಸಲು ಹೋದಾಗ ರಕ್ತಪರೀಕ್ಷೆಯಲ್ಲಿ ‘ಎಚ್‌ಸಿವಿ ಪಾಸಿಟಿವ್’ ಎಂದು ಬಂತು. ಅಕ್ಕ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ತಾನು ಕೊಟ್ಟ ಲಿವರ್ ಸಣ್ಣದಾಗಿದ್ದರಿಂದ ಹೀಗಾಯಿತೇ ಎಂದು ಕೇಳುತ್ತಾಳೆ. ಕಸಿಯಾದ ಮೇಲೂ ಈ ಕಾಯಿಲೆ ಮತ್ತೆ ಬರುತ್ತದೆಯೇ? ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ನಿಮ್ಮ ಅಕ್ಕನಿಗೆ ಹೇಳಬೇಕಾದ ಮಾತು. ಆ ಒಂದು ಪರೀಕ್ಷೆಯನ್ನು ಹಿಡಿದು ಕಾಯಿಲೆ ಮರಳಿದೆ ಎನ್ನಲು ಬರುವುದಿಲ್ಲ. ಹಲ್ಲು ಕೀಳುವ ಮುಂಚೆ, ಸಣ್ಣಪುಟ್ಟ ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವ ಪರೀಕ್ಷೆ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ಸಿನ ವಿರುದ್ಧ ದೇಹ ಹಿಂದೆಂದೋ ತಯಾರಿಸಿದ ಪ್ರತಿಕಾಯ ರಕ್ತದಲ್ಲಿ ಇದೆಯೇ ಎಂದಷ್ಟೇ ನೋಡುತ್ತದೆ. ಸಿಡುಬು ವಾಸಿಯಾದ ಮೇಲೂ ಮುಖದ ಮೇಲೆ ಕಲೆ ಉಳಿದುಬಿಡುತ್ತಿತ್ತಲ್ಲ, ಹಾಗೆಯೇ ಹೆಪಟೈಟಿಸ್ ಸಿ ಪೂರ್ತಿ ಗುಣವಾದವರಲ್ಲೂ ಈ ಪ್ರತಿಕಾಯ ಹಲವು ವರ್ಷ, ಬಹಳಷ್ಟು ಜನರಲ್ಲಿ ಜೀವನಪೂರ್ತಿ ಉಳಿಯುತ್ತದೆ. ನಿಮ್ಮ ಭಾವನವರಿಗೆ ಈ ಪರೀಕ್ಷೆ ಮುಂದೆ ಹತ್ತು ಸಲ ಮಾಡಿದರೂ ಹತ್ತು ಸಲವೂ ‘ಪಾಸಿಟಿವ್’ ಎಂದೇ ಬರಬಹುದು.

ಅವರಿಗೆ ಈಗ ಬೇಕಾದದ್ದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಲ್ಯಾಬಿನವರು ಇದನ್ನು ವೈರಲ್ ಲೋಡ್ ಎಂದೋ ಪಿಸಿಆರ್ ಎಂದೋ ಕರೆಯುತ್ತಾರೆ. ರಕ್ತದಲ್ಲಿ ವೈರಸ್ ಈ ಹೊತ್ತಿಗೆ ಇದೆಯೇ, ಇದ್ದರೆ ಎಷ್ಟಿದೆ ಎಂದು ಹೇಳುವ ಪರೀಕ್ಷೆ ಇದು. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ ಕಾಯಿಲೆ ಮರಳಿಲ್ಲ, ಅಷ್ಟೇ. ಕಸಿಯಾಗಿ ಒಂದು ವರ್ಷ ಆಗಿದೆ ಎಂದಿದ್ದೀರಿ. ಈ ಅವಧಿಯಲ್ಲಿ ಕಸಿ ಮಾಡಿದ ಆಸ್ಪತ್ರೆಯವರು ಆರ್‌ಎನ್‌ಎ ಪರೀಕ್ಷೆಯನ್ನು ಒಂದೆರಡು ಸಲವಾದರೂ ಮಾಡಿಸಿರುತ್ತಾರೆ. ಹಳೆಯ ಫೈಲು ತೆಗೆದು ನೋಡಿ. ಅದು ಸಿಗುವವರೆಗೂ, ಹೊಸ ಪರೀಕ್ಷೆ ಆಗುವವರೆಗೂ ಯಾರ ಮಾತು ಕೇಳಿಯೂ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ, ಹೊಸದನ್ನು ಶುರು ಮಾಡಬೇಡಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಕಸಿಯಾದ ಮೇಲೆ ಹೆಪಟೈಟಿಸ್ ಸಿ ಮತ್ತೆ ಬರುತ್ತದೆಯೇ?

ಕಸಿಯ ದಿನ ರಕ್ತದಲ್ಲಿ ವೈರಸ್ ಇದ್ದರೆ ಬರುತ್ತದೆ. ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಬರುತ್ತದೆ. ಕಸಿಯ ದಿನ ವೈರಸ್ ಇಲ್ಲದಿದ್ದರೆ, ಅದೂ ಕೆಲವು ವಾರಗಳಿಂದ ಇಲ್ಲದಿದ್ದರೆ, ಬಹುತೇಕ ಬರುವುದಿಲ್ಲ. ಇದನ್ನು ಹೀಗೆ ಎರಡು ವಾಕ್ಯದಲ್ಲಿ ಹೇಳಲು ವೈದ್ಯರಿಗೆ ಇಪ್ಪತ್ತೈದು ವರ್ಷ ಹಿಡಿಯಿತು. ಅದಕ್ಕೂ ಮುಂಚೆ ದಾನಿಯ ವಯಸ್ಸು, ಸ್ಟಿರಾಯ್ಡ್‌ನ ಪ್ರಮಾಣ, ವೈರಸ್ಸಿನ ತಳಿ, ಸಕ್ಕರೆ ಕಾಯಿಲೆ ಎಂದು ಹತ್ತಾರು ಕಾರಣಗಳನ್ನು ಅಳೆದು ತೂಗುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಇಂದೂ ಬೆಲೆಯಿದೆ, ಕೆಲವು ಚರಿತ್ರೆಗೆ ಸಂದಿವೆ. ಅಂತರಜಾಲದಲ್ಲಿ ಸಿಗುವ ಹಳೆಯ ಲೇಖನಗಳನ್ನು ಓದಿದವರು ಹೆದರುವುದು ಇವೆರಡರ ವ್ಯತ್ಯಾಸ ಗೊತ್ತಾಗದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಅಲ್ಲಿಯವರೆಗೆ ರಕ್ತ ಪಡೆದವರಲ್ಲಿ ಕಾಣಿಸುತ್ತಿದ್ದ ಆ ಕಾಮಾಲೆಯನ್ನು ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂದೇ ಕರೆಯುತ್ತಿದ್ದರು. ಹಾರ್ವಿ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ ಈ ಕೆಲಸಕ್ಕಾಗಿ 2020ರಲ್ಲಿ ನೊಬೆಲ್ ಬಂತು. ಆದರೆ ಲಿವರ್ ಕಸಿ ಅದಕ್ಕಿಂತ ಬಹಳ ಮುಂಚಿನದು. ಥಾಮಸ್ ಸ್ಟಾರ್ಝಲ್ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಪ್ರಯತ್ನ ಮಾಡಿದ್ದು 1963ರಲ್ಲಿ. ವೈರಸ್ಸಿಗೆ ಪರೀಕ್ಷೆ ಬಂದ ಮೇಲೆ, ಕಸಿಯಾದ ಎಷ್ಟೋ ಜನರ ರಕ್ತದಲ್ಲಿ ಅದು ಇನ್ನೂ ಇದೆಯೆಂದು ಗೊತ್ತಾಯಿತು. ಲಿವರ್ ಬದಲಾಗಿತ್ತು, ಕಾಯಿಲೆ ಉಳಿದಿತ್ತು.

ಇದಕ್ಕೆ ಕಾರಣ ಸರಳವಾಗಿದೆ. ಆಪರೇಷನ್ ಲಿವರ್ ತೆಗೆಯುತ್ತದೆ, ರಕ್ತವನ್ನು ಬದಲಿಸುವುದಿಲ್ಲ. ಬಾರ್ಸಿಲೋನಾದ ವೈದ್ಯರು ಆಪರೇಷನ್ ನಡೆಯುತ್ತಿರುವಾಗಲೇ ಹಲವು ಸಲ ರಕ್ತ ತೆಗೆದು ಪರೀಕ್ಷಿಸಿ, 2002ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಳೆಯ ಲಿವರ್ ಹೊರಬಂದು ಹೊಸದು ಇನ್ನೂ ಕೂರದ ಆ ಹೊತ್ತಿನಲ್ಲಿ ರಕ್ತದ ವೈರಸ್ ಸರಸರನೆ ಇಳಿಯುತ್ತದೆ. ಅದನ್ನು ತಯಾರಿಸುತ್ತಿದ್ದ ಅಂಗವೇ ಇಲ್ಲವಲ್ಲ. ಹೊಸ ಲಿವರ್‌ಗೆ ರಕ್ತ ಹರಿಸಿದೊಡನೆ ಇನ್ನಷ್ಟು ಇಳಿಯುತ್ತದೆ. ಇದನ್ನು ನೋಡಿ ಸಂತೋಷಪಡುವಂತಿಲ್ಲ, ಏಕೆಂದರೆ ವೈರಸ್ ನಾಶವಾಗಿ ಇಳಿದದ್ದಲ್ಲ ಅದು, ಹೊಸ ಲಿವರ್ ಅದನ್ನು ಒಳಕ್ಕೆ ಎಳೆದುಕೊಂಡದ್ದರಿಂದ ಇಳಿದದ್ದು. ಕೆಲವರಲ್ಲಿ ಎರಡು ಮೂರು ದಿನಕ್ಕೇ ವೈರಸ್ ಮತ್ತೆ ಏರತೊಡಗುತ್ತದೆ. ಕೆಲವು ತಿಂಗಳಲ್ಲಿ ಅದರ ಪ್ರಮಾಣ ಕಸಿಗೆ ಮುಂಚೆ ಇದ್ದದ್ದರ ಹತ್ತಿಪ್ಪತ್ತು ಪಟ್ಟು ಆಗುವುದುಂಟು.

ಹೆಪಟೈಟಿಸ್ ಬಿ ಇರುವವರಿಗೆ ಕಸಿಯ ವೇಳೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಮತ್ತು ಮಾತ್ರೆಗಳಿಂದ ಹೊಸ ಲಿವರನ್ನು ಕಾಪಾಡಬಹುದಿತ್ತು. ಸಿ ವೈರಸ್ಸಿಗೂ ಅಂಥದೊಂದು ಇಂಜೆಕ್ಷನ್ ಮಾಡುವ ಪ್ರಯತ್ನಗಳು ನಡೆದವು, ಕೈಗೂಡಲಿಲ್ಲ. ಈ ವೈರಸ್ ತನ್ನ ಹೊರಮೈಯನ್ನು ಎಡೆಬಿಡದೆ ಬದಲಿಸುತ್ತಿರುತ್ತದೆ.

ಹೀಗೆ ಮರಳಿದ ಕಾಯಿಲೆ ಹಿಂದಿನದಕ್ಕಿಂತ ಅವಸರದ್ದು. ಸಾಮಾನ್ಯ ಮನುಷ್ಯನಲ್ಲಿ ಈ ವೈರಸ್ ಲಿವರನ್ನು ಸಿರೋಸಿಸ್ ಹಂತಕ್ಕೆ, ಅಂದರೆ ಪೂರ್ತಿ ನಾರುಗಟ್ಟುವ ಸ್ಥಿತಿಗೆ, ಒಯ್ಯಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ. ಕಸಿಯಾದವರಲ್ಲಿ ಚಿಕಿತ್ಸೆ ಸಿಗದಿದ್ದರೆ ಐದೇ ವರ್ಷದಲ್ಲಿ ಶೇ. 20ರಿಂದ 30ರಷ್ಟು ಜನ ಮತ್ತೆ ಸಿರೋಸಿಸ್‌ಗೆ ಬಂದು ನಿಲ್ಲುತ್ತಿದ್ದರು. ಹೊಸ ಲಿವರನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿರುತ್ತಾರೆ. ವೈರಸ್ಸನ್ನು ತಡೆಹಿಡಿಯಬೇಕಾದದ್ದೂ ಅದೇ ಶಕ್ತಿ.

ಹಾಗಿದ್ದರೂ ಎಲ್ಲರಲ್ಲೂ ಕಾಯಿಲೆ ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ. ಒಬ್ಬರು ಹದಿನೈದು ವರ್ಷ ಆರಾಮಾಗಿದ್ದರೆ ಇನ್ನೊಬ್ಬರು ಎರಡನೇ ವರ್ಷಕ್ಕೇ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುತ್ತಿದ್ದರು. ಏಕೆ ಹೀಗೆ ಎಂಬ ಹುಡುಕಾಟದಿಂದಲೇ ನೀವು ಕೇಳಿದ ಕಾರಣಗಳ ಪಟ್ಟಿ ಹುಟ್ಟಿದ್ದು. ಅದರಲ್ಲಿ ನನ್ನ ದೃಷ್ಟಿಯಲ್ಲಿ ಎರಡು ಕಾರಣಗಳು ಮುಖ್ಯ.

ಒಂದು, ದಾನಿಯ ವಯಸ್ಸು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೈದ್ಯರು 2002ರಲ್ಲಿ ಲೆಕ್ಕ ಹಾಕಿದಾಗ, ನಲವತ್ತು ದಾಟದ ದಾನಿಯ ಲಿವರ್ ಸಿರೋಸಿಸ್‌ಗೆ ಹೋಗಲು ಸುಮಾರು ಹತ್ತು ವರ್ಷ ಬೇಕಾಗುತ್ತಿದ್ದರೆ, ಐವತ್ತು ದಾಟಿದ ದಾನಿಯದು ಮೂರು ವರ್ಷವೂ ತಡೆಯುತ್ತಿರಲಿಲ್ಲ. ವೈರಸ್ ಅದೇ, ಔಷಧಿಗಳೂ ಹೆಚ್ಚುಕಡಿಮೆ ಅವೇ. ವಯಸ್ಸಾದ ಲಿವರ್ ಪೆಟ್ಟು ಬಿದ್ದಾಗ ಹೊಸ ಜೀವಕೋಶ ಬೆಳೆಸುವುದರಲ್ಲಿ ನಿಧಾನ, ನಾರುಗಟ್ಟುವುದರಲ್ಲಿ ಮುಂದು. ಸ್ಪೇನಿನ ವೆಲೆನ್ಸಿಯಾದಲ್ಲಿ ಮರೀನಾ ಬೆರೆಂಗರ್ ಮತ್ತು ಅವರ ಸಂಗಡಿಗರು ಗಮನಿಸಿದ್ದು ಇನ್ನೂ ಕಳವಳದ ಸಂಗತಿ. ಶಸ್ತ್ರಚಿಕಿತ್ಸೆಯ ಕೌಶಲ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದರೂ, ಹೆಪಟೈಟಿಸ್ ಸಿ ರೋಗಿಗಳು ಮಾತ್ರ ಇತ್ತೀಚೆಗೆ ಕಸಿಯಾದವರೇ ಹೆಚ್ಚು ಬೇಗ ಕುಸಿಯುತ್ತಿದ್ದರು. ಸ್ಪೇನಿನಲ್ಲಿ ಮೊದಲೆಲ್ಲ ರಸ್ತೆ ಅಪಘಾತದಲ್ಲಿ ಸತ್ತ ಯುವಕರ ಅಂಗಾಂಗಗಳೇ ಹೆಚ್ಚು ಬರುತ್ತಿದ್ದವು. ರಸ್ತೆ ಸಾವು ಕಡಿಮೆಯಾಗುತ್ತಾ ಬಂದ ಹಾಗೆ, ಮೆದುಳಿನ ರಕ್ತಸ್ರಾವದಿಂದ ಸತ್ತ ಹಿರಿಯರ ಅಂಗಗಳು ಹೆಚ್ಚಾದವು. ರಸ್ತೆಗಳು ಸುರಕ್ಷಿತವಾದದ್ದು ಒಳ್ಳೆಯದೇ. ಅದರ ಒಂದು ಪರಿಣಾಮ ಮಾತ್ರ ಯಾರೂ ಎಣಿಸದ ಕಡೆ ಬಂದು ತಟ್ಟಿತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು ಆ ವರ್ಷಗಳಲ್ಲಿ ಹೆಚ್ಚು ಪ್ರಬಲವಾದದ್ದೂ ಇನ್ನೊಂದು ಕಾರಣವಾಗಿತ್ತು.

ಎರಡನೆಯದು ಅದಕ್ಕಿಂತಲೂ ಮುಖ್ಯ. ತಿರಸ್ಕಾರಕ್ಕೆ, ಅಂದರೆ ಆಸ್ಪತ್ರೆಯಲ್ಲಿ ಎಲ್ಲರೂ ‘ರಿಜೆಕ್ಷನ್’ ಎನ್ನುವುದಕ್ಕೆ, ಕೊಡುತ್ತಿದ್ದ ಚಿಕಿತ್ಸೆ ಅದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕಸಿಯಾಗಿ ಎರಡು ಮೂರು ತಿಂಗಳಾದ ರೋಗಿಯ ರಕ್ತದಲ್ಲಿ, ಲಿವರ್‌ಗೆ ಪೆಟ್ಟಾದುದನ್ನು ಸೂಚಿಸುವ ಎಸ್‌ಜಿಪಿಟಿ ಏರಿದೆ ಎಂದುಕೊಳ್ಳಿ. ಇದಕ್ಕೆ ರಿಜೆಕ್ಷನ್ ಕಾರಣವಿರಬಹುದು, ವೈರಸ್ ಮರಳಿರುವುದೂ ಕಾರಣವಿರಬಹುದು. ರಕ್ತಪರೀಕ್ಷೆಯಿಂದ ಇದು ತೀರ್ಮಾನವಾಗುವುದಿಲ್ಲ, ವೈರಸ್ ಹೇಗೂ ಎಲ್ಲರಲ್ಲೂ ಇತ್ತಲ್ಲ. ಆಗ ಸೂಜಿ ಹಾಕಿ ಲಿವರ್‌ನ ಎಳೆಯಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಗುಲಾಬಿ ಬಣ್ಣದ ಕೋಶಗಳ ನಡುವೆ, ರಕ್ತನಾಳ ಮತ್ತು ಪಿತ್ತನಾಳ ಜೊತೆಯಾಗಿ ಸಾಗುವ ಜಾಗದಲ್ಲಿ, ನೀಲಿ ಚುಕ್ಕೆಗಳಂತೆ ಬಿಳಿರಕ್ತಕಣಗಳು ಕಿಕ್ಕಿರಿದು ನಿಂತಿರುತ್ತವೆ. ವೈರಸ್ ಬಂದರೂ ಅವು ಅಲ್ಲೇ ನಿಲ್ಲುತ್ತವೆ, ರಿಜೆಕ್ಷನ್ ಆದರೂ ಅಲ್ಲೇ ನಿಲ್ಲುತ್ತವೆ. ರಿಜೆಕ್ಷನ್ ಆದಾಗ ರಕ್ತನಾಳದ ಒಳಪದರಕ್ಕೆ ಆ ಕಣಗಳು ನುಗ್ಗಿರುತ್ತವೆ, ಪಿತ್ತನಾಳದ ಗೋಡೆಗೆ ಪೆಟ್ಟಾಗಿರುತ್ತದೆ. ವೈರಸ್ ಆದರೆ ಅಲ್ಲಲ್ಲಿ ಒಂಟಿ ಕೋಶಗಳು ಸುಕ್ಕುಗಟ್ಟಿ ಸತ್ತಿರುತ್ತವೆ. ಪುಸ್ತಕದಲ್ಲಿ ಈ ಭೇದ ಸ್ಪಷ್ಟವಾಗಿದೆ. ನಿಜವಾದ ಸ್ಲೈಡಿನಲ್ಲಿ ಎರಡೂ ಲಕ್ಷಣ ಬೆರೆತಿರುವುದೇ ಹೆಚ್ಚು, ಇಬ್ಬರು ತಜ್ಞರು ಒಂದೇ ಸ್ಲೈಡಿಗೆ ಬೇರೆ ಬೇರೆ ಹೆಸರು ಕೊಡುವುದೂ ಉಂಟು.

ರಿಜೆಕ್ಷನ್ ಎಂದು ತೀರ್ಮಾನಿಸಿದರೆ ಭಾರಿ ಪ್ರಮಾಣದ ಸ್ಟಿರಾಯ್ಡನ್ನು ಕೆಲವು ದಿನ ರಕ್ತನಾಳಕ್ಕೆ ಕೊಡುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಒಕೆಟಿ3 ಎಂಬ ಪ್ರತಿಕಾಯದ ಇಂಜೆಕ್ಷನ್. ನಿಜಕ್ಕೂ ವೈರಸ್ಸೇ ಇದ್ದು ಸ್ಟಿರಾಯ್ಡ್ ಬಿದ್ದರೆ, ಗಾಯದ ಮೇಲೆ ಬರೆ ಎಳೆದಂತಾಗುತ್ತಿತ್ತು. ವೈರಸ್ ಹತ್ತಾರು ಪಟ್ಟು ಏರುತ್ತಿತ್ತು, ನಾರುಗಟ್ಟುವುದು ಬಿರುಸಾಗುತ್ತಿತ್ತು. ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸಿದರೂ ತೊಂದರೆಯೇ: ಅದುವರೆಗೆ ಮಲಗಿದ್ದ ನಿರೋಧಕ ಶಕ್ತಿ ಎದ್ದು, ವೈರಸ್ ತುಂಬಿದ ಕೋಶಗಳ ಮೇಲೆ ಒಮ್ಮೆಗೇ ಎರಗುತ್ತಿತ್ತು. ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಇಳಿಸುವುದು ವಾಸಿ ಎಂಬುದು ಹೀಗೆ ಅನುಭವದಿಂದ ಕಲಿತ ಪಾಠ. ವೈದ್ಯರ ಕೈಯಲ್ಲೇ ಇದ್ದ ಕಾರಣ ಇದೊಂದೇ ಎನ್ನಬಹುದು. ದಾನಿಯ ವಯಸ್ಸನ್ನು ಯಾರೂ ಬದಲಿಸಲಾರರು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಸಿಗೆ ಮುಂಚೆ ವೈರಲ್ ಲೋಡ್ ತುಂಬಾ ಹೆಚ್ಚಿದ್ದವರು, ಜೊತೆಗೆ ಎಚ್‌ಐವಿ ಇದ್ದವರು, ಕಸಿಯ ನಂತರ ಸೈಟೋಮೆಗಲೋವೈರಸ್ ಸೋಂಕು ತಗುಲಿದವರು ಹೆಚ್ಚು ನರಳಿದರು. ದಾನಿಯ ಲಿವರ್‌ನಲ್ಲಿ ಕೊಬ್ಬು ತುಂಬಿದ್ದರೆ, ಅದು ಐಸಿನಲ್ಲಿ ಬಹಳ ಹೊತ್ತು ಕಾದಿದ್ದರೆ ಪರಿಣಾಮ ಕೆಟ್ಟದಾಗಿರುತ್ತಿತ್ತು. ಸಕ್ಕರೆ ಕಾಯಿಲೆ ನಾರುಗಟ್ಟುವುದಕ್ಕೆ ಕುಮ್ಮಕ್ಕು ಕೊಡುತ್ತಿತ್ತು. ಐಎಲ್28ಬಿ ಎಂಬ ಜೀನು ರೋಗಿಯಲ್ಲೂ ದಾನಿಯಲ್ಲೂ ಯಾವ ಬಗೆಯದು ಎಂಬುದರ ಮೇಲೆ ಇಂಟರ್‌ಫೆರಾನ್ ಚಿಕಿತ್ಸೆಯ ಫಲ ನಿಂತಿದೆ ಎಂದು 2009ರ ನಂತರ ತಿಳಿಯಿತು. ನಿರೋಧಕ ಶಕ್ತಿ ತಗ್ಗಿಸಲು ಸೈಕ್ಲೋಸ್ಪೋರಿನ್ ಒಳ್ಳೆಯದೋ ಟ್ಯಾಕ್ರೊಲಿಮಸ್ ಒಳ್ಳೆಯದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಪ್ರಯೋಗಾಲಯದಲ್ಲಿ ಸೈಕ್ಲೋಸ್ಪೋರಿನ್ ವೈರಸ್ಸಿನ ಬೆಳವಣಿಗೆಯನ್ನು ತಡೆಯುತ್ತಿತ್ತು. ರೋಗಿಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ನಿಮ್ಮ ಅಕ್ಕನ ಪ್ರಶ್ನೆಯೂ ಇದೇ ಸಾಲಿನದು. ಬದುಕಿರುವವರು ಕೊಟ್ಟ ಅರ್ಧ ಲಿವರ್ ಹೊಟ್ಟೆಯೊಳಗೆ ಬೆಳೆದು ದೊಡ್ಡದಾಗಬೇಕು. ಹಾಗೆ ಬೆಳೆಯುತ್ತಿರುವ ಕೋಶಗಳಲ್ಲಿ ವೈರಸ್ ಇನ್ನೂ ಜೋರಾಗಿ ಹಬ್ಬಬಹುದೆಂಬ ಭಯ ಒಂದು ಕಾಲಕ್ಕೆ ವೈದ್ಯರಿಗೂ ಇತ್ತು. ಅಮೆರಿಕದ ಒಂಬತ್ತು ಕಸಿ ಕೇಂದ್ರಗಳು ಕೂಡಿ ಮಾಡಿದ ಅಧ್ಯಯನ 2007ರ ಹೊತ್ತಿಗೆ ಆ ಭಯವನ್ನು ಕಳೆಯಿತು. ಕೇಂದ್ರಕ್ಕೆ ಈ ಬಗೆಯ ಆಪರೇಷನ್ನಿನಲ್ಲಿ ಕೈ ಪಳಗಿದ ಮೇಲೆ, ಬದುಕಿರುವ ದಾನಿಯ ಲಿವರ್‌ಗೂ ಮರಣೋತ್ತರ ದಾನದ ಲಿವರ್‌ಗೂ ಹೆಪಟೈಟಿಸ್ ಸಿ ವಿಷಯದಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಆಕೆ ಕೊಟ್ಟ ಲಿವರ್ ಸಣ್ಣದಾದ್ದರಿಂದ ವೈರಸ್ ಬಂತು ಎಂಬ ಮಾತಿಗೆ ಆಧಾರವಿಲ್ಲ. ದಯವಿಟ್ಟು ಇದನ್ನು ಆಕೆಗೆ ಓದಿ ಹೇಳಿ. ತನ್ನ ದೇಹದ ಒಂದು ಭಾಗವನ್ನೇ ಕೊಟ್ಟವರು ಇಂಥ ತಪ್ಪಿತಸ್ಥ ಭಾವನೆಯನ್ನು ಹೊರಬಾರದು.

ಇವೆಲ್ಲ ಕಾರಣಗಳ ಲೆಕ್ಕಾಚಾರ ನಡೆಯುತ್ತಿದ್ದುದು ವೈರಸ್ಸನ್ನು ಓಡಿಸುವ ಒಳ್ಳೆಯ ಔಷಧಿ ಇಲ್ಲದ ಕಾಲದಲ್ಲಿ. ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರೈಬಾವಿರಿನ್ ಮಾತ್ರೆ. ಇಂಜೆಕ್ಷನ್ ವಾರಕ್ಕೊಂದರಂತೆ ನಲವತ್ತೆಂಟು ವಾರ. ಜ್ವರ, ಮೈಕೈ ನೋವು, ರಕ್ತಹೀನತೆ, ಖಿನ್ನತೆ. ನಿರೋಧಕ ಶಕ್ತಿಯನ್ನು ಕೆರಳಿಸುವುದೇ ಇಂಟರ್‌ಫೆರಾನ್‌ನ ಕೆಲಸವಾದ್ದರಿಂದ ಕಸಿಯಾದವರಿಗೆ ರಿಜೆಕ್ಷನ್ ಆಗುವ ಅಪಾಯ ಬೇರೆ. ಇಷ್ಟೆಲ್ಲ ಅನುಭವಿಸಿದ ಮೇಲೂ ಕಸಿಯಾದವರಲ್ಲಿ ಗುಣವಾಗುತ್ತಿದ್ದವರು ಮೂರರಲ್ಲಿ ಒಬ್ಬರು.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ವೈರಸ್ ತನ್ನ ಪ್ರತಿ ಮಾಡಿಕೊಳ್ಳಲು ಬಳಸುವ ಕಿಣ್ವವನ್ನೇ ಇದು ಕಟ್ಟಿಹಾಕುತ್ತದೆ. ಹನ್ನೆರಡು ವಾರದ ಚಿಕಿತ್ಸೆಗೆ ಅಲ್ಲಿ 84,000 ಡಾಲರ್, ಒಂದು ಮಾತ್ರೆಗೆ ಸಾವಿರ ಡಾಲರ್ ಬೆಲೆ. 2014ರ ಸೆಪ್ಟೆಂಬರಿನಲ್ಲಿ ಇದರ ಹಕ್ಕು ಹೊಂದಿದ್ದ ಗಿಲಿಯಡ್ ಕಂಪನಿ ಭಾರತದ ಏಳು ಔಷಧಿ ಕಂಪನಿಗಳಿಗೆ ಇದನ್ನು ತಯಾರಿಸುವ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲೊಂದು. ಮರುವರ್ಷವೇ ಮಾತ್ರೆ ಇಲ್ಲಿನ ಔಷಧಿ ಅಂಗಡಿಗಳಿಗೆ ಬಂತು, ಅಮೆರಿಕದ ಬೆಲೆಯ ಒಂದು ಸಣ್ಣ ಪಾಲಿಗೆ. ನಂತರ ಡಕ್ಲಾಟಾಸ್ವಿರ್, ವೆಲ್ಪಟಾಸ್ವಿರ್ ಎಂಬ ಜೊತೆ ಮಾತ್ರೆಗಳು ಸೇರಿದವು. ಕಸಿಯ ನಂತರ ವೈರಸ್ ಮರಳಿದ್ದ 79 ಜನರಿಗೆ ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಹನ್ನೆರಡು ವಾರ ಕೊಟ್ಟು ನೋಡಿದಾಗ ಶೇ. 96 ಮಂದಿ ಗುಣವಾದರು. ಮೂರರಲ್ಲಿ ಒಬ್ಬರು ಗುಣವಾಗುತ್ತಿದ್ದ ದಿನಗಳನ್ನು ನೆನೆದರೆ, ವೈದ್ಯಕೀಯದಲ್ಲಿ ಇಂಥ ತಿರುವು ಅಪರೂಪ.

ಗುಣವಾಗುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಹೆಪಟೈಟಿಸ್ ಬಿ ವೈರಸ್ ನಮ್ಮ ಜೀವಕೋಶದ ಕೇಂದ್ರದೊಳಗೆ ಹೋಗಿ ಕೂರುತ್ತದೆ. ಔಷಧಿಯಿಂದ ಅದನ್ನು ಅದುಮಿಡಬಹುದು, ಬುಡಸಮೇತ ಕೀಳುವುದು ಕಷ್ಟ. ಸಿ ವೈರಸ್ಸಿಗೆ ಅಂಥ ಅಡಗುತಾಣ ಇಲ್ಲ. ಚಿಕಿತ್ಸೆ ಮುಗಿದು ಹನ್ನೆರಡು ವಾರದ ನಂತರವೂ ಆರ್‌ಎನ್‌ಎ ಪತ್ತೆಯಾಗದಿದ್ದರೆ ಅದು ಹೋಯಿತು ಎಂದೇ ಅರ್ಥ. ಆಮೇಲೆ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತಿದ್ದಾರೆಂದು ಅದು ಎದ್ದು ಬರುವುದಿಲ್ಲ.

ಹಾಗಾದರೆ ಇಂದು ಮರುಕಳಿಕೆ ನಿಂತಿರುವುದು ಯಾವುದರ ಮೇಲೆ? ಬಹುಮಟ್ಟಿಗೆ ಸಮಯದ ಮೇಲೆ. ಕಸಿಗೆ ಮುಂಚೆ ಮಾತ್ರೆ ಕೊಟ್ಟು ಫಲವೇನು ಎಂದು ಮೊದಲು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಕಸಿಯ ವೇಳೆಗೆ ವೈರಸ್ ಕಾಣದ ಮಟ್ಟಕ್ಕೆ ಇಳಿದಿದ್ದವರು 43 ಜನ. ಅವರಲ್ಲಿ 30 ಜನರಿಗೆ ಅದು ಮರಳಲಿಲ್ಲ, 10 ಜನರಿಗೆ ಮರಳಿತು, ಮೂವರು ಆ ಅವಧಿಯಲ್ಲಿ ತೀರಿಕೊಂಡರು. ಮರಳಿದವರಿಗೂ ಮರಳದವರಿಗೂ ಇದ್ದ ಮುಖ್ಯ ಅಂತರ ಒಂದೇ, ಕಸಿಗೆ ಮುಂಚೆ ಎಷ್ಟು ದಿನ ರಕ್ತ ವೈರಸ್ ಇಲ್ಲದೆ ಇತ್ತು ಎಂಬುದು. ಮೂವತ್ತು ದಿನಕ್ಕಿಂತ ಹೆಚ್ಚು ಇದ್ದವರಲ್ಲಿ ಮರಳುವುದು ತೀರಾ ಅಪರೂಪವಾಗಿತ್ತು. ಅಂದಿನ ಆ ಚಿಕಿತ್ಸೆ ಸೊಫೊಸ್ಬುವಿರ್ ಜೊತೆ ಹಳೆಯ ರೈಬಾವಿರಿನ್ ಅಷ್ಟೇ. ಈಗಿನ ಜೋಡಿ ಮಾತ್ರೆಗಳು ಇನ್ನೂ ಗಟ್ಟಿ.

ಹಾಗಿದ್ದರೆ ಎಲ್ಲರಿಗೂ ಕಸಿಗೆ ಮುಂಚೆಯೇ ಕೊಟ್ಟುಬಿಡಬಹುದಲ್ಲ ಎಂದು ನಿಮಗೆ ಅನಿಸಬಹುದು. ಅಲ್ಲಿ ಒಂದು ತೊಡಕಿದೆ. ಮರಣೋತ್ತರ ದಾನದ ಲಿವರ್‌ಗಾಗಿ ಕಾಯುವವರ ಸರದಿಯನ್ನು ಬಹಳ ಕಡೆ ಮೆಲ್ಡ್ ಎಂಬ ಅಂಕದಿಂದ ನಿರ್ಧರಿಸುತ್ತಾರೆ. ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್ ಮುಂತಾದ ರಕ್ತಪರೀಕ್ಷೆಗಳ ಫಲಿತಾಂಶ ಸೇರಿಸಿ ಬರುವ ಅಂಕ ಅದು. ಹೆಚ್ಚು ಅಂಕ ಇದ್ದವರಿಗೆ ಮೊದಲು. ವೈರಸ್ ಹೋದೊಡನೆ ರಕ್ತದ ಅಂಕಿಗಳು ಕೊಂಚ ಸುಧಾರಿಸಿ ಅಂಕ ಇಳಿಯುತ್ತದೆ, ಸರದಿ ಹಿಂದಕ್ಕೆ ಹೋಗುತ್ತದೆ. ಆದರೆ ಹೊಟ್ಟೆಯ ನೀರು ಹಾಗೇ ಇರುತ್ತದೆ, ರಾತ್ರಿ ನಿದ್ದೆ ಬಾರದೆ ಹಗಲು ಮಂಕು ಕವಿಯುವುದೂ ಹಾಗೇ ಇರುತ್ತದೆ. ಇತ್ತ ಪೂರ್ತಿ ವಾಸಿಯೂ ಅಲ್ಲ, ಅತ್ತ ಕಸಿಯೂ ಇಲ್ಲ. ಕೆಲವರಿಗೆ ಮಾತ್ರ ಅದೃಷ್ಟ ಒಲಿಯುತ್ತದೆ. ಯುರೋಪಿನ ಒಂದು ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಬ್ಬರು ಮಾತ್ರೆಯಿಂದಲೇ ಎಷ್ಟು ಚೇತರಿಸಿಕೊಂಡರೆಂದರೆ ಕಸಿಯ ಪಟ್ಟಿಯಿಂದಲೇ ಅವರ ಹೆಸರು ತೆಗೆಯಲಾಯಿತು. ಯಾರು ಹಾಗೆ ಚೇತರಿಸುತ್ತಾರೆ ಎಂದು ಮುಂಚೆ ಹೇಳುವುದು ಕಷ್ಟ. ಹಾಗಾಗಿ ಅಂಕ ಹದಿನೆಂಟು ಇಪ್ಪತ್ತರ ಕೆಳಗಿದ್ದರೆ ಮೊದಲು ಮಾತ್ರೆ, ಅದಕ್ಕಿಂತ ಮೇಲಿದ್ದು ಲಿವರ್ ಬೇಗ ಸಿಗುವಂತಿದ್ದರೆ ಮೊದಲು ಕಸಿ ಆಮೇಲೆ ಮಾತ್ರೆ ಎಂಬ ಪದ್ಧತಿ ಬಂದಿದೆ.

ನಮ್ಮ ದೇಶದಲ್ಲಿ ಬಹುಪಾಲು ಲಿವರ್ ಕಸಿ ಮನೆಯವರೇ ಕೊಡುವ ದಾನದಿಂದ ಆಗುತ್ತದೆ. ಇದರಲ್ಲಿ ಸರದಿಯ ಗೊಡವೆಯಿಲ್ಲ. ದಿನವನ್ನು ಮೊದಲೇ ಗೊತ್ತು ಮಾಡಬಹುದು. ರೋಗಿ ಕಾಯುವ ಸ್ಥಿತಿಯಲ್ಲಿದ್ದರೆ ಮೊದಲು ಮಾತ್ರೆ ಮುಗಿಸಿ, ರಕ್ತ ಕೆಲವು ವಾರ ಶುದ್ಧವಾಗಿದೆ ಎಂದು ಖಾತ್ರಿ ಮಾಡಿಕೊಂಡು ಆಪರೇಷನ್ನಿಗೆ ಹೋಗಬಹುದು. ನಿಮ್ಮ ಭಾವನವರಿಗೆ ಬಹುಶಃ ಹೀಗೆಯೇ ಮಾಡಿದ್ದಾರೆ. ಹಾಗಿದ್ದರೆ ನಿಮ್ಮ ಅಕ್ಕನಿಂದ ಬಂದ ಲಿವರ್ ವೈರಸ್ಸಿನ ಮುಖವನ್ನೇ ಕಂಡಿರಲಾರದು. ವೈರಸ್ ಪೂರ್ತಿ ಹೋಗುವ ಮೊದಲೇ ಕಸಿ ಮಾಡಬೇಕಾಗಿ ಬಂದಿದ್ದರೂ, ಮರಳುವಂತಿದ್ದರೆ ಮೊದಲ ಮೂರು ತಿಂಗಳಲ್ಲೇ ಸಾಮಾನ್ಯವಾಗಿ ಗೊತ್ತಾಗಿರುತ್ತಿತ್ತು.

ಒಂದು ವೇಳೆ ಆರ್‌ಎನ್‌ಎ ಪಾಸಿಟಿವ್ ಬಂದರೆ? ಆಗಲೂ ಕೈಚೆಲ್ಲುವಂಥದ್ದು ಏನೂ ಇಲ್ಲ. ಮೊದಲೆಲ್ಲ ಬಿಲಿರುಬಿನ್ ದಿನೇದಿನೇ ಏರಿ, ಕಣ್ಣು ಅರಿಶಿನವಾಗಿ, ತಿಂಗಳುಗಳಲ್ಲೇ ಹೊಸ ಲಿವರ್ ಮುಗಿದುಹೋಗುವ ಒಂದು ಘೋರ ರೂಪ ಕೆಲವರಲ್ಲಿ ಕಾಣಿಸುತ್ತಿತ್ತು. ಅಂಥವರೂ ಈಗ ಈ ಮಾತ್ರೆಗಳಿಂದ ಉಳಿದಿದ್ದಾರೆ. ಚಿಕಿತ್ಸೆ ಹೆಚ್ಚಾಗಿ ಹನ್ನೆರಡು ವಾರದ್ದು. ಈ ಹಂತದಲ್ಲಿ ನಿಮ್ಮ ಕಡೆಯಿಂದ ಆಗಬೇಕಾದದ್ದು, ಭಾವನವರು ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಚೀಟಿಯನ್ನೂ ವೈದ್ಯರ ಮುಂದಿಡುವುದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅದು ಸೊಫೊಸ್ಬುವಿರ್‌ನ ಪ್ರಭಾವವನ್ನೇ ತಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್ ಜೊತೆ ಸೊಫೊಸ್ಬುವಿರ್ ಕೊಟ್ಟರೆ ನಾಡಿ ಅಪಾಯಕಾರಿಯಾಗಿ ಇಳಿಯಬಹುದು. ಗ್ಯಾಸ್ಟ್ರಿಕ್‌ಗೆಂದು ಅಂಗಡಿಯಿಂದ ತಂದು ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ವೆಲ್ಪಟಾಸ್ವಿರ್ ಹೊಟ್ಟೆಯಲ್ಲಿ ಕರಗುವುದಕ್ಕೆ ಅಡ್ಡಿ. ಜನ ಇದನ್ನು ಔಷಧಿಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಇನ್ನೂ ಒಂದಿದೆ. ವೈರಸ್ ಹೋಗುತ್ತಿದ್ದಂತೆ ಲಿವರ್ ಚುರುಕಾಗಿ ಟ್ಯಾಕ್ರೊಲಿಮಸ್ಸನ್ನು ಬೇಗ ಬೇಗ ಕರಗಿಸತೊಡಗುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ, ರಿಜೆಕ್ಷನ್ನಿಗೆ ದಾರಿಯಾಗುತ್ತದೆ. ಆದ್ದರಿಂದ ಚಿಕಿತ್ಸೆಯ ವೇಳೆಯಲ್ಲೂ ಆಮೇಲೂ ಟ್ಯಾಕ್ರೊಲಿಮಸ್ ಮಟ್ಟವನ್ನು ಪದೇ ಪದೇ ನೋಡಿಸಬೇಕು. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮೊದಲೇ ಮಾಡಿಸಿರಬೇಕು. ಸಿ ವೈರಸ್ ಹೋದಾಗ ಅದುವರೆಗೆ ಸುಮ್ಮನಿದ್ದ ಬಿ ವೈರಸ್ ತಲೆಯೆತ್ತುವುದುಂಟು.

ಹಳೆಯ ಕಾರಣಗಳಲ್ಲಿ ಕೆಲವಕ್ಕೆ ಇಂದೂ ಬೆಲೆಯಿದೆ ಎಂದೆನಲ್ಲ, ಅದನ್ನು ಹೇಳಬೇಕು. ವೈರಸ್ ಹೋದರೂ ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ ಹೊಸ ಲಿವರನ್ನು ಅವುಗಳ ಪಾಡಿಗೆ ಕೆಡಿಸುತ್ತವೆ. ಸ್ಟಿರಾಯ್ಡ್ ಮತ್ತು ಟ್ಯಾಕ್ರೊಲಿಮಸ್ ಎರಡೂ ಸಕ್ಕರೆಯನ್ನು ಏರಿಸುವಂಥವು. ಕಸಿಯಾದ ಮೇಲೆ ಹಸಿವು ಮರಳಿ ತೂಕ ಏರುವುದನ್ನು ಮನೆಯವರು ಸಂಭ್ರಮದಿಂದ ನೋಡುತ್ತಾರೆ. ಆರು ತಿಂಗಳಾದ ಮೇಲೆ ಆ ಸಂಭ್ರಮಕ್ಕೆ ಒಂದು ಮಿತಿ ಇರಲಿ. ಹಳೆಯ ಲಿವರ್‌ನಲ್ಲಿ ಕ್ಯಾನ್ಸರ್ ಗಂಟು ಇದ್ದಿದ್ದರೆ ಸ್ಕ್ಯಾನುಗಳನ್ನು ತಪ್ಪಿಸುವಂತಿಲ್ಲ.

ಒಮ್ಮೆ ಗುಣವಾದವರಿಗೆ ಹೊಸದಾಗಿ ಸೋಂಕು ತಗುಲಬಹುದೇ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುವುದು ಅಗತ್ಯ. ತಗುಲಬಹುದು. ಈ ವೈರಸ್ಸಿನ ಪ್ರತಿಕಾಯ ರಕ್ಷಣೆ ಕೊಡುವುದಿಲ್ಲ, ಲಸಿಕೆಯೂ ಇಲ್ಲ. ಕಸಿಯಾದವರಲ್ಲಿ ಕೆಲವರಿಗೆ ಕಿಡ್ನಿ ಸೋತು ಡಯಾಲಿಸಿಸ್ ಬೇಕಾಗುತ್ತದೆ; ಅಲ್ಲಿ ಸ್ವಚ್ಛತೆಯಲ್ಲಿ ಲೋಪವಾದರೆ ಹರಡುತ್ತದೆ. ಒಬ್ಬರಿಗೆ ಬಳಸಿದ ಸೂಜಿ, ಸಿರಿಂಜು, ರೇಜರ್ ಬ್ಲೇಡು ಇನ್ನೊಬ್ಬರಿಗೆ ಬೇಡ. ಜೊತೆಯಲ್ಲಿ ಊಟ ಮಾಡುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಮೊಮ್ಮಕ್ಕಳನ್ನು ಎತ್ತಿ ಮುದ್ದಾಡುವುದರಿಂದ ಹರಡುವುದಿಲ್ಲ.

ನಿಮ್ಮ ಅಕ್ಕನಿಗೆ ದಾನಕ್ಕೆ ಮುಂಚೆಯೇ ಎಲ್ಲ ಪರೀಕ್ಷೆ ಆಗಿರುತ್ತದೆ. ಭಾವನವರಿಗೆ ಸೋಂಕು ಯಾವಾಗ ಬಂತೆಂದು ತಿಳಿಯದಿದ್ದರೆ ಮಕ್ಕಳಿಗೂ ಒಮ್ಮೆ ಪ್ರತಿಕಾಯದ ಪರೀಕ್ಷೆ ಮಾಡಿಸಿ. ಈ ಶತಮಾನದ ಆರಂಭಕ್ಕೆ ಮುಂಚೆ ಆಪರೇಷನ್ನಿನಲ್ಲೋ ಹೆರಿಗೆಯಲ್ಲೋ ರಕ್ತ ಪಡೆದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಮಾಡಿಸಿ; ಆಗ ನಮ್ಮ ರಕ್ತನಿಧಿಗಳಲ್ಲಿ ಎಲ್ಲ ಕಡೆ ಈ ಪರೀಕ್ಷೆ ಇರಲಿಲ್ಲ. ಕೇಂದ್ರ ಸರ್ಕಾರ 2018ರ ಜುಲೈ 28ರಂದು ಶುರುಮಾಡಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಹನ್ನೆರಡು ವಾರದ ಮಾತ್ರೆಯೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿದರೆ ನಿಮ್ಮ ಕಡೆಯ ಚಿಕಿತ್ಸಾ ಕೇಂದ್ರ ಯಾವುದೆಂದು ಹೇಳುತ್ತಾರೆ. ಭಾವನವರ ಆರ್‌ಎನ್‌ಎ ಪರೀಕ್ಷೆಯನ್ನು ಮಾತ್ರ ಕಸಿ ಮಾಡಿದ ಆಸ್ಪತ್ರೆಯ ಮೂಲಕವೇ ಮಾಡಿಸಿ. ಹಳೆಯ ವರದಿಗಳ ಜೊತೆ ಅದನ್ನು ಇಟ್ಟು ಓದಬಲ್ಲವರು ಅವರು.